ರಾಜ ಕಾದ ಬೆಳ್ಳಿ, ರಾಜನೇ ಕಳಿಸಿದ ಬೆಳ್ಳಿ

ನನ್ನ ಹಿಂದೆ ಕಾಣುತ್ತಿರುವ ಹನ್ನೆರಡು ಮುಖದ ಗೋಪುರ ಇದೆಯಲ್ಲ, ಅದೇ ತೊರ್ರೆ ದೆಲ್ ಓರೊ. ಅಂದ್ರೆ ಚಿನ್ನದ ಗೋಪುರ. ಸ್ಪೇನ್‌ನ ಸೆವಿಲ್‌ನಲ್ಲಿದ್ದೇನೆ. ಅಮೆರಿಕದ ಚಿನ್ನವನ್ನು ಇಡೋಕೆ ಇದನ್ನು ಕಟ್ಟಿದ್ದು ಅಂತ ತುಂಬ ಜನ ಅಂದುಕೊಂಡಿದ್ದಾರೆ. ನಾನೂ ಹಾಗೇ ಅಂದುಕೊಂಡು ಬಂದೆ. ಆದರೆ ಗೋಪುರ ಎದ್ದದ್ದು ಕೊಲಂಬಸ್ ಹುಟ್ಟುವುದಕ್ಕೂ ಇನ್ನೂರು ವರ್ಷ ಮೊದಲೇ!

ಚಿನ್ನ-ಬೆಳ್ಳಿಯ ನಿಜವಾದ ಬಾಗಿಲು ಕಾಸಾ ದೆ ಕೊಂತ್ರಾತಾಸಿಯೋನ್ ಎಂಬ ಕಚೇರಿ. 1503ರಲ್ಲಿ ರಾಣಿ ಇಸಬೆಲ್ಲಾ ಇದನ್ನು ತೆರೆದಳು. ಸ್ವಲ್ಪ ದಿನದಲ್ಲೇ ಅದು ಇಲ್ಲಿನ ಅರಮನೆಗೇ ಬಂತು. ಆಗ ಸ್ಪೇನ್ ಹಿಡಿತದಲ್ಲಿದ್ದ ಅಮೆರಿಕದ ನಾಡುಗಳಿಂದ ಬರುವ ಹಡಗಿನಲ್ಲಿ ಏನಿದೆಯೋ ಎಲ್ಲ ಇಲ್ಲಿ ಲೆಕ್ಕಕ್ಕೆ ಸಿಗಬೇಕಿತ್ತು. ಗಣಿಯಲ್ಲಿ ತೆಗೆದದ್ದರಲ್ಲಿ ಐದನೇ ಒಂದು ಪಾಲು ರಾಜನಿಗೆ. ಪಾಲು ಕೊಟ್ಟ ಗಟ್ಟಿಗೆ ಮುದ್ರೆ ಬೀಳುತ್ತಿತ್ತು. ಮುದ್ರೆ ಇಲ್ಲದ್ದು ಕಳ್ಳಮಾಲು.

ನನಗೆ ಭಾರಿ ಇಷ್ಟವಾದದ್ದು ಪಾದರಸದ ಕಥೆ. ಅದಿರಿನಿಂದ ಬೆಳ್ಳಿ ಬಿಡಿಸೋಕೆ ಪಾದರಸ ಬೇಕು, ಅದನ್ನು ಮಾರುವ ಹಕ್ಕು ರಾಜನಿಗೆ ಮಾತ್ರ. ಯಾರು ಎಷ್ಟು ಪಾದರಸ ಕೊಂಡರು ಅಂತ ನೋಡಿದರೆ ಸಾಕು, ಎಷ್ಟು ಬೆಳ್ಳಿ ತೆಗೆದಿರಬಹುದು ಅಂತ ಅಂದಾಜು ಸಿಗುತ್ತಿತ್ತು. ಎಂಥ ತಲೆ ನೋಡಿ!

ಆದರೂ ಜನ ಮುಚ್ಚಿಡುತ್ತಿದ್ದರು. ಯಾಕೆ ಮುಚ್ಚಿಡಬಾರದು? 1535ರಲ್ಲಿ ಯುದ್ಧದ ಖರ್ಚಿಗೆ ಅಂತ ರಾಜ ಚಾರ್ಲ್ಸ್ ವ್ಯಾಪಾರಿಗಳ ಬೆಳ್ಳಿಗೇ ಕೈ ಹಾಕಿದ. ಬದಲಿಗೆ ಬಡ್ಡಿ ಕೊಡುವ ಸಾಲಪತ್ರ ಕೊಟ್ಟ. ಪ್ರಾಮಾಣಿಕವಾಗಿ ಲೆಕ್ಕ ಬರೆಸಿದವನಿಗೇ ಏಟು! 1622ರಲ್ಲಿ ಫ್ಲಾರಿಡಾ ಹತ್ತಿರ ಮುಳುಗಿದ ಅತೋಚಾ ಹಡಗಿನ ನಿಧಿ 1985ರಲ್ಲಿ ಸಿಕ್ಕಿತಲ್ಲ, ಅದರಲ್ಲಿ ಮುದ್ರೆಯೇ ಇಲ್ಲದ ಚಿನ್ನದ ಗಟ್ಟಿಗಳಿದ್ದವು. ಉದ್ದುದ್ದ ಚಿನ್ನದ ಸರಗಳೂ ಇದ್ದವು. ಒಡವೆ ಅಂದರೆ ತೆರಿಗೆ ಇಲ್ಲ! ದುಬೈನಿಂದ ಬರುವಾಗ ನಮ್ಮ ಚಿಕ್ಕಮ್ಮ ಕೊರಳ ತುಂಬ ಸರ ಹಾಕಿಕೊಂಡು ಬಂದಿದ್ದು ನೆನಪಾಯಿತು.

ಇಷ್ಟೆಲ್ಲ ಮಾಡಿ ಒಳಗೆ ತಂದ ಬೆಳ್ಳಿ ಹೊರಗೆ ಹೋಗಬಾರದು, ಅಲ್ವಾ? ಕಾನೂನು ಹಾಗೇ ಹೇಳುತ್ತಿತ್ತು. ಅಪ್ಪಣೆ ಇಲ್ಲದೆ ಚಿನ್ನ, ಬೆಳ್ಳಿ ಸಾಗಿಸಿದರೆ ಮರಣದಂಡನೆಯವರೆಗೂ ಶಿಕ್ಷೆ. ಆದರೆ ಫ್ಲಾಂಡರ್ಸ್‌ನಲ್ಲಿ, ಅಂದ್ರೆ ಈಗಿನ ಬೆಲ್ಜಿಯಂ ಕಡೆ, ಕಾದಾಡುವ ಸೈನಿಕರಿಗೆ ಸಂಬಳ ಯಾರು ಕೊಡಬೇಕು? ರಾಜನೇ. ಅದಕ್ಕೆ ಇಟಲಿಯ ಜಿನೋವಾದ ಸಾಹುಕಾರರ ಹತ್ತಿರ ಸಾಲ. ಸಾಲ ತೀರಿಸೋಕೆ ಅವರಿಗೇ ಬೆಳ್ಳಿ ಹೊರಗೆ ಸಾಗಿಸುವ ಪರವಾನಗಿ. 1566ರಲ್ಲಿ ಎರಡನೇ ಫಿಲಿಪ್ ಆ ಪರವಾನಗಿಯನ್ನು ಇನ್ನಷ್ಟು ಸಡಿಲ ಮಾಡಿದ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಆಮೇಲೂ 1575, 1596ರಲ್ಲಿ ಸಾಲ ಕಟ್ಟೋಕಾಗದೆ ಕೈ ಎತ್ತಿದ. ಮುಂದಿನ ಶತಮಾನಕ್ಕೆ ಇಲ್ಲಿನ ಜನರ ಜೇಬಲ್ಲಿ ಉಳಿದದ್ದು ಜಾಸ್ತಿ ತಾಮ್ರದ ಕಾಸೇ.

ಹೀಗೆ ಹೊರಟ ಬೆಳ್ಳಿಯಲ್ಲಿ ಒಂದಿಷ್ಟು ಪೋರ್ಚುಗೀಸರ ಹಡಗು ಹತ್ತಿ ಗೋವಾಕ್ಕೂ ಬಂತು, ಕಾಳುಮೆಣಸಿಗೆ ಬೆಲೆಯಾಗಿ. ಪೋರ್ಚುಗೀಸರು ಮೆಣಸಿನ ರಾಣಿ ಅಂತ ಕರೆದ ನಮ್ಮ ಗೇರುಸೊಪ್ಪೆಯ ಚೆನ್ನಭೈರಾದೇವಿಯೂ ಅದೇ ಕಾಲದವಳು. ಅವಳ ಕಥೆಯನ್ನು ಊರಿಗೆ ಬಂದಾಗ ಮಿರ್ಜಾನ್ ಕೋಟೆಯಲ್ಲೇ ನಿಂತು ಹೇಳುತ್ತೇನೆ. ಈಗ ಬಿಸಿಲು ತಲೆ ಸುಡುತ್ತಿದೆ, ಒಂದು ಲೋಟ ತಣ್ಣಗೆ ಏನಾದರೂ ಕುಡಿಯಬೇಕು.