ಕಛ್‌ನ ಅಮೊನೈಟ್‌ನಿಂದ ಹಳೆಯ ಸಮುದ್ರದ ನಕ್ಷೆ

[ದೃಶ್ಯ: ಅಂಗೈಯಲ್ಲಿ ಅಮೊನೈಟ್, ಪಕ್ಕದಲ್ಲಿ ಅಳತೆಪಟ್ಟಿ]

ಇದು ಮಾಯೈಟಿಸ್ ಎಂಬ ಅಮೊನೈಟ್, ಅಂದರೆ ಅಳಿದುಹೋದ ಸುರುಳಿಚಿಪ್ಪಿನ ಸಮುದ್ರಜೀವಿಯ ಪಳೆಯುಳಿಕೆ. ಕಛ್‌ನ ಧೋಸಾ ಓಲೈಟ್ ಎಂಬ ಕಲ್ಲುಪದರದಲ್ಲಿ ಸಿಗುತ್ತದೆ. ವಯಸ್ಸು ಸುಮಾರು 16 ಕೋಟಿ ವರ್ಷ. ಇದೇ ಬಳಗದ ಅಮೊನೈಟ್‌ಗಳು ಮಡಗಾಸ್ಕರ್, ಪೂರ್ವ ಆಫ್ರಿಕಾ, ಹಿಮಾಲಯದಲ್ಲೂ ಇವೆ. ಯುರೋಪಿನಲ್ಲಿ ಇಲ್ಲವೆನ್ನುವಷ್ಟು ಅಪರೂಪ. ಹಾಗಾದರೆ ಕಛ್ ಸಮುದ್ರ ಯಾವ ಕಡೆಗೆ ತೆರೆದಿತ್ತು? (ದೇವರ ಪೆಟ್ಟಿಗೆಯ ಗಂಡಕಿ ಸಾಲಿಗ್ರಾಮದಲ್ಲಿ ಕಾಣುವ ಚಕ್ರವೂ ಸಾಮಾನ್ಯವಾಗಿ ಅಮೊನೈಟೇ.)

[ದೃಶ್ಯ: ಜುಮಾರಾ ಗುಡ್ಡದ ಪದರಗಳು]

ಮೊದಲ ಕೆಲಸ, ಪದರದಲ್ಲೇ ಕೂತಿರುವ ತುಂಡನ್ನಷ್ಟೇ ತೆಗೆಯಿರಿ. ಇಳಿಜಾರಿನಲ್ಲಿ ಉರುಳಿ ಬಿದ್ದದ್ದು ಎಷ್ಟೇ ಚೆನ್ನಾಗಿದ್ದರೂ ಲೆಕ್ಕಕ್ಕಿಲ್ಲ. ತಳದಿಂದ ಎಷ್ಟು ಎತ್ತರದಲ್ಲಿತ್ತು ಎಂದು ಚೀಟಿಯಲ್ಲಿ ಬರೆದು ಜೊತೆಗೇ ಕಟ್ಟಿ.

ಮೋಸ ಮಾಡುವುದು ಧೋಸಾದ ತುತ್ತತುದಿಯ ಪದರ. ಸಮುದ್ರತಳ ಕೊರೆದು, ಹಳೆಯ ಚಿಪ್ಪುಗಳೆದ್ದು ಹೊಸ ಕೆಸರಿಗೆ ಸೇರಿವೆ. ಬೇರೆ ಬೇರೆ ಕಾಲದವು ಒಂದೇ ಗೇಣಿನಲ್ಲಿ. ಗುರುತು ಹಿಡಿಯುವುದು ಹೀಗೆ: ಚಿಪ್ಪಿನೊಳಗಿನ ಕಲ್ಲಿನ ಬಣ್ಣ, ಹರಳು ಸುತ್ತಲಿನ ಕಲ್ಲಿಗಿಂತ ಬೇರೆ; ಅಂಚು ಸವೆದಿದೆ; ಒಡೆದ ಮುಖದ ಮೇಲೂ ತುಕ್ಕುಬಣ್ಣದ ಕಬ್ಬಿಣದ ಪೊರೆ. ಅಂಥದ್ದನ್ನು ಪಟ್ಟಿಯಿಂದ ಹೊರಗಿಡಿ.

ಎರಡನೇ ತೊಡಕು ಹೆಸರು. 1870ರ ದಶಕದಲ್ಲಿ ಪಳೆಯುಳಿಕೆ ತಜ್ಞ ವಾಗೆನ್, 1927ರಿಂದ 1933ರವರೆಗೆ ಸ್ಪಾತ್ ಕಛ್ ಅಮೊನೈಟ್‌ಗಳಿಗೆ ಹೆಸರಿಟ್ಟರು. ದೊಡ್ಡದು ಹೆಣ್ಣು, ಚಿಕ್ಕದು ಗಂಡು ಎಂಬ ಜೋಡಿಗೂ ಬಹಳ ಕಡೆ ಎರಡು ಹೆಸರು ಬಿದ್ದಿದೆ. ಹಾಗೇ ಎಣಿಸಿದರೆ ಕಛ್‌ಗೆ ಮಾತ್ರ ಸೀಮಿತವಾದ ಜಾತಿಗಳು ಸುಮ್ಮಸುಮ್ಮನೆ ಹೆಚ್ಚುತ್ತವೆ. ವರ್ನಿಯರ್‌ನಲ್ಲಿ ವ್ಯಾಸ, ಸುರುಳಿಯ ಎತ್ತರ, ದಪ್ಪ, ಹೊಕ್ಕುಳಿನ (ಸುರುಳಿಯ ನಡುವಿನ ಗುಳಿ) ಅಗಲ ಅಳೆದು, ಜೋಡಿ ಕೂಡಿಸಿ, ಆಮೇಲೆ ಹೋಲಿಸಿ.

[ಪರದೆಯ ಮೇಲೆ ಲೆಕ್ಕ]

ಒಂದು ಊಹೆಯ ಲೆಕ್ಕ: ಒಂದು ಕಡೆ 20 ಕುಲ (ಹತ್ತಿರದ ಜಾತಿಗಳ ಗುಂಪು), ಇನ್ನೊಂದು ಕಡೆ 15, ಎರಡರಲ್ಲೂ ಇರುವವು 10. ಎರಡು ಪಟ್ಟಿಗಳ ಹೋಲಿಕೆ ಅಳೆಯುವ ಜಕಾರ್ಡ್ ಸೂಚ್ಯಂಕ: ಎರಡರಲ್ಲೂ ಇರುವ 10 ಭಾಗಿಸು ಒಟ್ಟು ಬೇರೆ ಬೇರೆ ಕುಲ 25, ಅಂದರೆ 0.4. ಒಂದು ಪಟ್ಟಿ ತೀರಾ ಚಿಕ್ಕದಾದರೆ ಸಿಂಪ್ಸನ್ ಸೂಚ್ಯಂಕ ವಾಸಿ: 10 ಭಾಗಿಸು ಚಿಕ್ಕ ಪಟ್ಟಿಯ 15, ಅಂದರೆ 0.67. ಪಟ್ಟಿಗಳು ಒಂದೇ ಅಮೊನೈಟ್ ವಲಯದವಾಗಿರಬೇಕು (ಅಂದರೆ ಒಂದೇ ಕಾಲಖಂಡದವು), ಇಲ್ಲದಿದ್ದರೆ ಈ ಅಂಕಿಗೆ ಬೆಲೆಯಿಲ್ಲ.

ಸತ್ತ ಚಿಪ್ಪು ತೇಲಿಬಂದದ್ದೋ? ಅಮೊನೈಟ್‌ನ ಇಂದಿನ ನೆಂಟ ನಾಟಿಲಸ್‌ನ ಚಿಪ್ಪು ಬಹಳ ದೂರ ತೇಲುತ್ತದೆ. ಮರಿಯಿಂದ ಬಲಿತದ್ದರವರೆಗೆ ಎಲ್ಲ ಗಾತ್ರ ಒಟ್ಟಿಗಿದ್ದು, ಕೆಲವುಗಳ ದೇಹಕೋಣೆಯಲ್ಲಿ (ಚಿಪ್ಪಿನಲ್ಲಿ ಪ್ರಾಣಿ ಇರುತ್ತಿದ್ದ ಭಾಗ) ದವಡೆಯೂ ಉಳಿದಿದ್ದರೆ ಅಲ್ಲಿಯವೇ ಎನ್ನಬಹುದು. ಒಂದೇ ಒಂದು ಸಿಕ್ಕಿದ್ದರೆ ನಕ್ಷೆಗೆ ಹಾಕಬೇಡಿ.

ಕೊನೆಗೆ ಜಿಪ್ಲೇಟ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ಪ್ರತಿ ಜಾಗಕ್ಕೂ ಅದರ ಭೂಫಲಕ ಕೊಟ್ಟು 160 ದಶಲಕ್ಷ (16 ಕೋಟಿ) ವರ್ಷ ಹಿಂದಕ್ಕೆ ಸರಿಸಿ. ಭಾರತವೂ ಮಡಗಾಸ್ಕರೂ ಅಂಟಿಕೊಳ್ಳುತ್ತವೆ. ಕಛ್‌ನ ಚುಕ್ಕಿ ಆಫ್ರಿಕಾಕ್ಕೂ ಮಡಗಾಸ್ಕರಿಗೂ ನಡುವೆ ಬಾಯ್ತೆರೆದ ಸಮುದ್ರದ ಉತ್ತರದ ಕಡೆ ಬಂದು ನಿಲ್ಲುತ್ತದೆ.