ಸಾಧು ಹುಡುಗನ ಕಾಯಿಲೆ

ನಮಸ್ಕಾರ. ಇವತ್ತು ಮಾತು ಒಂದು ಇಂಗ್ಲಿಷ್ ಕಾದಂಬರಿಯ ಬಗ್ಗೆ. ಸ್ಟೀಫನ್ ಚಬಾಸ್ಕಿ ಬರೆದ ‘ದಿ ಪರ್ಕ್ಸ್ ಆಫ್ ಬೀಯಿಂಗ್ ಎ ವಾಲ್‌ಫ್ಲವರ್’ 1999ರಲ್ಲಿ ಬಂತು. 2012ರಲ್ಲಿ ಲೇಖಕನೇ ಅದನ್ನು ಸಿನಿಮಾ ಮಾಡಿದ. ಕಥೆಯ ಗುಟ್ಟು ಬಿಚ್ಚದೆ ಇದರ ಬಗ್ಗೆ ಮಾತನಾಡಲು ನನಗೆ ಬರುವುದಿಲ್ಲ. ಓದಬೇಕೆಂದಿರುವವರು ಇಲ್ಲಿಯೇ ನಿಲ್ಲಿಸಿ, ಓದಿಕೊಂಡು ಬನ್ನಿ. ನಾನೆಲ್ಲೂ ಹೋಗುವುದಿಲ್ಲ.

1991ರ ಆಗಸ್ಟ್, ಅಮೆರಿಕದ ಪಿಟ್ಸ್‌ಬರ್ಗ್. ಹೈಸ್ಕೂಲು ಶುರುವಾಗುವ ಮುನ್ನಾದಿನಗಳಲ್ಲಿ 15ರ ಚಾರ್ಲಿ ಯಾರೋ ಅಪರಿಚಿತರಿಗೆ ಪತ್ರ ಬರೆಯಲು ಕೂರುತ್ತಾನೆ. ಇಡೀ ಕಾದಂಬರಿ ಈ ಪತ್ರಗಳೇ. ಒಂದಕ್ಕೂ ಉತ್ತರ ಬರುವುದಿಲ್ಲ, ಏಕೆಂದರೆ ಅವನು ತನ್ನ ವಿಳಾಸವನ್ನೇ ಬರೆದಿಲ್ಲ. ಅವನ ಗೆಳೆಯ ಮೈಕಲ್ ಆತ್ಮಹತ್ಯೆ ಮಾಡಿಕೊಂಡಿದ್ದಾನೆ. ಹೊಸ ಶಾಲೆಯಲ್ಲಿ ಪ್ಯಾಟ್ರಿಕ್, ಸ್ಯಾಮ್ ಎಂಬ ಹಿರಿಯ ವಿದ್ಯಾರ್ಥಿಗಳು ಅವನನ್ನು ಜೊತೆಗೆ ಸೇರಿಸಿಕೊಳ್ಳುತ್ತಾರೆ.

ಈ ಪುಸ್ತಕವನ್ನು ಮೆಚ್ಚುವವರು ಹೆಚ್ಚಾಗಿ ಹೇಳುವುದು ಸುರಂಗದ ದೃಶ್ಯವನ್ನು: ಈ ಮೂವರು ಹೊರಟ ಪಿಕಪ್ ವಾಹನ, ರೇಡಿಯೊದಲ್ಲಿ ಹಾಡು, ಸುರಂಗ ಮುಗಿಯುತ್ತಲೇ ಎದುರಾಗುವ ಊರಿನ ದೀಪಗಳು. ಗೆಳೆತನವೇ ಮದ್ದು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ.

ಪ್ರೀತಿ ಮುರಿದುಬಿದ್ದ ದುಃಖದಲ್ಲಿ ಪ್ಯಾಟ್ರಿಕ್ ಚಾರ್ಲಿಗೆ ಮುತ್ತಿಡುತ್ತಾನೆ. ಚಾರ್ಲಿಗೆ ಅದು ಬೇಕಿಲ್ಲ, ಆದರೂ ಸುಮ್ಮನಿರುತ್ತಾನೆ. ಗೆಳೆಯ ಎಂದಮೇಲೆ ಇಷ್ಟು ಮಾಡಬೇಕಲ್ಲವೇ ಎಂಬುದು ಅವನ ಲೆಕ್ಕ. ಊರು ಬಿಡುವ ಹೊತ್ತಿಗೆ ಸ್ಯಾಮ್ ಅವನನ್ನು ತರಾಟೆಗೆ ತೆಗೆದುಕೊಳ್ಳುತ್ತಾಳೆ: ಎಲ್ಲರ ಬದುಕನ್ನೂ ನಿನ್ನದಕ್ಕಿಂತ ಮುಂದಿಟ್ಟು ಕೂರುವುದು ಪ್ರೀತಿಯಲ್ಲ ಎಂಬುದು ಅವಳ ಮಾತಿನ ತಾತ್ಪರ್ಯ. ಇಡೀ ವರ್ಷದಲ್ಲಿ ಅವನ ಸಂಕಟದ ಹತ್ತಿರಕ್ಕೆ ಬಂದ ಮಾತು ಇದೊಂದೇ. ಅದನ್ನು ಆಡಿದವಳೂ ಮರುದಿನ ಹೊರಟುಬಿಡುತ್ತಾಳೆ.

ಚಾರ್ಲಿ ನಮ್ಮ ಮನೆಗಳಲ್ಲಿ ಹುಟ್ಟಿದ್ದರೆ ಏನೆನ್ನುತ್ತಿದ್ದೆವು? ‘ಹುಡುಗ ತುಂಬಾ ಸಾಧು. ಎದುರುತ್ತರ ಕೊಡುವುದಿಲ್ಲ, ಇದು ಬೇಕು ಅದು ಬೇಕು ಎನ್ನುವುದಿಲ್ಲ.’ ನೆಂಟರ ಮುಂದೆ ನಿಲ್ಲಿಸಿ ಹೊಗಳುತ್ತಿದ್ದೆವು. ಹಟ ಮಾಡುವ ಮಗುವಿನ ಕಡೆಗೆ ಹತ್ತು ಕಣ್ಣು, ಸಾಧುವಿನ ಕಡೆಗೆ ಒಂದೂ ಇಲ್ಲ. (ಕೇಳುತ್ತಾ ಯಾರಿಗಾದರೂ ಎದೆ ಭಾರವಾದರೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ 14416. ಕನ್ನಡದಲ್ಲೇ ಮಾತನಾಡಬಹುದು.)

ಇನ್ನು ಗುಟ್ಟು. ಚಾರ್ಲಿ ಅತಿಯಾಗಿ ಹಚ್ಚಿಕೊಂಡಿದ್ದ ಹೆಲೆನ್ ಅವನ ತಾಯಿಯ ಅಕ್ಕತಂಗಿಯರಲ್ಲೊಬ್ಬಳು. ಅವನ ಹುಟ್ಟುಹಬ್ಬದ ಉಡುಗೊರೆ ತರಲು ಹೋಗಿ ಕಾರು ಅಪಘಾತದಲ್ಲಿ ಸತ್ತವಳು. ಆ ಸಾವು ತನ್ನಿಂದಲೇ ಎಂದು ಅವನು ಕೊರಗುತ್ತಿದ್ದಾನೆ. ಎಳೆಯ ವಯಸ್ಸಿನಲ್ಲಿ ಅವನ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದವಳೂ ಅವಳೇ ಎಂಬುದು ಕೊನೆಯಲ್ಲಿ ತಿಳಿಯುತ್ತದೆ. ಇಂಗ್ಲಿಷಿನ ‘ಆಂಟ್’ ಎಂಬ ಪದ ಎಲ್ಲವನ್ನೂ ಮುಚ್ಚಿಡುತ್ತದೆ. ಕನ್ನಡದಲ್ಲಿ ಹೇಳಹೊರಟರೆ ದೊಡ್ಡಮ್ಮ ಎನ್ನಬೇಕು, ಇಲ್ಲವೇ ಚಿಕ್ಕಮ್ಮ. ಎರಡರೊಳಗೂ ಅಮ್ಮ ಕುಳಿತಿದ್ದಾಳೆ. ನನಗೆ ಆ ಪುಟಗಳನ್ನು ಮುಂದೆ ಓದಲಾಗದೆ ಪುಸ್ತಕ ಮಡಚಿಟ್ಟದ್ದು ಈ ಪದ ಮನಸ್ಸಿಗೆ ಬಂದಾಗಲೇ.

ನನ್ನ ತಕರಾರಿರುವುದೂ ಇಲ್ಲಿಯೇ. ಗುಟ್ಟನ್ನು ಪತ್ತೇದಾರಿ ಕಥೆಯಂತೆ ಕೊನೆಗೆ ಬಚ್ಚಿಟ್ಟು ತೆರೆದರೆ, ಪ್ರತಿ ಮನೋವ್ಯಾಧಿಗೂ ಒಂದೇ ಬೀಗ, ಒಂದೇ ಕೀಲಿಕೈ ಎಂದು ಓದುಗ ನಂಬಿಬಿಡುತ್ತಾನೆ. ಎಷ್ಟೋ ಜನರ ಖಿನ್ನತೆಗೆ ಅಂತಹ ಕೀಲಿಕೈ ಸಿಗುವುದೇ ಇಲ್ಲ. ಚಾರ್ಲಿ ಆಸ್ಪತ್ರೆಯಲ್ಲಿ ಕಳೆದ ಎರಡು ತಿಂಗಳಂತೂ ಕೆಲವೇ ಪುಟಗಳಲ್ಲಿ ಮುಗಿದುಹೋಗುತ್ತವೆ. ಪಾರ್ಟಿಗಳಿಗೆ ಸಿಕ್ಕ ಜಾಗದ ಕಾಲುಭಾಗವಾದರೂ ಅವಕ್ಕೆ ಸಿಗಬೇಕಿತ್ತು.

ಆದರೆ ಆಸ್ಪತ್ರೆಗೆ ಸೇರುವ ಮುನ್ನಿನ ಒಂದು ಚಿತ್ರಕ್ಕಾಗಿ ಲೇಖಕನನ್ನು ಕ್ಷಮಿಸಿದ್ದೇನೆ. ಗೆಳೆಯರೆಲ್ಲ ಹೊರಟುಹೋಗಿದ್ದಾರೆ. ಅಪ್ಪ ಅಮ್ಮ ಬಂದು ನೋಡುತ್ತಾರೆ: ಮಗ ಸೋಫಾದ ಮೇಲೆ ಕುಳಿತು ಟಿವಿ ನೋಡುತ್ತಿದ್ದಾನೆ. ಟಿವಿ ಆನ್ ಆಗಿಯೇ ಇಲ್ಲ.