ಯುದ್ಧ ಮುಗಿಸಿ ಬಂದವನಿಗೆ ಓಟಿಲ್ಲ

ಗೆಳೆಯರೇ, ಇವತ್ತು ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡಿದ ಮೆಡ್ಗರ್ ಎವರ್ಸ್ ಬಗ್ಗೆ ಮಾತಾಡುತ್ತೇನೆ. ಅವರು ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಡಿಕೇಟರ್ ಎಂಬ ಸಣ್ಣ ಊರಿನವರು. ಹುಟ್ಟಿದ್ದು 1925ರಲ್ಲಿ. ಅಪ್ಪ ಮರ ಕೊಯ್ಯುವ ಮಿಲ್ಲಿನ ಕೆಲಸಗಾರ. ಇನ್ನೂ ಹದಿಹರೆಯದಲ್ಲೇ ಸೈನ್ಯ ಸೇರಿದ ಮೆಡ್ಗರ್, ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸಿನ ನಾರ್ಮಂಡಿಯ ಯುದ್ಧವನ್ನು ಕಂಡರು. ಆಗ ಸೈನ್ಯದಲ್ಲೂ ಕಪ್ಪು ಜನರಿಗೆ ಬೇರೆ ತುಕಡಿ, ಬಿಳಿಯರಿಗೆ ಬೇರೆ. 1946ರಲ್ಲಿ ಅವರು ಊರಿಗೆ ಮರಳಿದ್ದರು.

ಆ ವರ್ಷ ಹೇಗಿತ್ತು ಗೊತ್ತೇ? ಫೆಬ್ರವರಿಯಲ್ಲಿ ಐಸಾಕ್ ವುಡರ್ಡ್ ಎಂಬ ಕಪ್ಪು ಸೈನಿಕ ಸೇವೆಯಿಂದ ಬಿಡುಗಡೆಯಾಗಿ ಬಸ್ಸಿನಲ್ಲಿ ಮನೆಗೆ ಹೊರಟಿದ್ದರು. ಮೈಮೇಲೆ ಇನ್ನೂ ಸೈನ್ಯದ ಸಮವಸ್ತ್ರವಿತ್ತು. ಸೌತ್ ಕೆರೊಲಿನಾದ ಪೊಲೀಸರು ಅವರನ್ನು ಬಸ್ಸಿನಿಂದ ಇಳಿಸಿ, ಎರಡೂ ಕಣ್ಣು ಹೋಗುವಂತೆ ಹೊಡೆದರು.

ಮಿಸಿಸಿಪ್ಪಿಯಲ್ಲಿ ಜುಲೈ 2ಕ್ಕೆ ಪಕ್ಷದೊಳಗಿನ ಅಭ್ಯರ್ಥಿ ಆಯ್ಕೆಯ ಚುನಾವಣೆ. ಮೆಡ್ಗರ್‌ಗೆ 21 ತುಂಬುವುದೂ ಅದೇ ದಿನ. ಅವರು, ಅಣ್ಣ ಚಾರ್ಲ್ಸ್ ಮತ್ತು ಕೆಲವು ಗೆಳೆಯರು ಮತದಾರರಾಗಿ ಹೆಸರು ಬರೆಸಿದರು. ಆ ರಾಜ್ಯದ ಸೆನೆಟರ್ ಥಿಯೊಡೋರ್ ಬಿಲ್ಬೊ ಮತ್ತೆ ಗೆಲ್ಲಲು ಆಗ ಊರೂರು ಸುತ್ತಿ ಪ್ರಚಾರ ಮಾಡುತ್ತಿದ್ದರು. ಕಪ್ಪು ಜನರ ಓಟು ತಡೆಯಲು ಚುನಾವಣೆಯ ಹಿಂದಿನ ರಾತ್ರಿಯೇ ಸರಿಯಾದ ಹೊತ್ತು ಎಂದು ಬಿಳಿಯರನ್ನು ಬಹಿರಂಗವಾಗಿಯೇ ಹುರಿದುಂಬಿಸುತ್ತಿದ್ದರು.

ಈಗ ನೋಡಿ, ಬೆದರಿಕೆ ಎಲ್ಲಿಗೆ ಬಂತು? ಸೈನಿಕರ ಬಳಿಗಲ್ಲ, ಅವರ ಅಪ್ಪ ಅಮ್ಮನ ಬಳಿಗೆ. ರಾತ್ರಿ ಹೊತ್ತು ಮೊದಲು ಬಿಳಿಯರು ಬಂದರು. ಆಮೇಲೆ ಅವರು ಕಳಿಸಿದ ಕಪ್ಪು ಜನರೇ ಬಂದರು. ಎಲ್ಲರದ್ದೂ ಒಂದೇ ಮಾತು: ನಿಮ್ಮ ಮಕ್ಕಳು ಓಟು ಹಾಕಲು ಬರಬಾರದು. ನನಗೆ ಅತ್ಯಂತ ಕ್ರೂರ ಅನ್ನಿಸುವುದು ಇದೇ. ಯುದ್ಧ ಕಂಡು ಬಂದ ಹುಡುಗನನ್ನು ಬಂದೂಕಿನಿಂದ ಹೆದರಿಸುವುದು ಕಷ್ಟ. ಆದರೆ ಅಮ್ಮನ ಮುಖ ನೋಡಿದರೆ ಯಾರ ಕಾಲಾದರೂ ಹಿಂದೆ ಸರಿಯುತ್ತದೆ, ಅಲ್ವಾ? ಹಾಗೆ ಮಾತು ಹೊತ್ತು ಬಂದ ಕಪ್ಪು ಜನರನ್ನು ಸುಮ್ನೆ ಬೈಯಲು ನನಗೆ ಮನಸ್ಸಾಗುವುದಿಲ್ಲ. ಅವರೂ ಅದೇ ಊರಿನಲ್ಲಿ, ಅದೇ ಬಿಳಿಯರ ಕೈಕೆಳಗೆ ಬದುಕಬೇಕಿತ್ತು.

ಆದರೂ ಹುಡುಗರು ಹೋದರು. ಓಟು ಹಾಕಬೇಕಿದ್ದ ನ್ಯಾಯಾಲಯದ ಕಟ್ಟಡದ ಹತ್ತಿರ ಆಯುಧ ಹಿಡಿದ ಬಿಳಿಯರು ದಾರಿ ಕಟ್ಟಿದರು. ಓಟು ಹಾಕಲಾಗಲಿಲ್ಲ. ಬಿಲ್ಬೊ ಗೆದ್ದರು. ಆದರೆ ಡಿಸೆಂಬರ್‌ನಲ್ಲಿ ಅವರ ಪ್ರಚಾರದ ಬಗ್ಗೆ ಜಾಕ್ಸನ್ ನಗರದಲ್ಲಿ ಸೆನೆಟ್ ಸಮಿತಿಯ ವಿಚಾರಣೆ ನಡೆದಾಗ, ಅನೇಕ ಕಪ್ಪು ಮಾಜಿ ಸೈನಿಕರು ಎದುರು ನಿಂತು ಸಾಕ್ಷಿ ಹೇಳಿದರು.

ಮೆಡ್ಗರ್ ಕಾಲೇಜು ಓದಿದರು, ಮರ್ಲಿ ಅವರನ್ನು ಮದುವೆಯಾದರು. 1954ರ ಕೊನೆಗೆ ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಘಟನೆಯ ಮಿಸಿಸಿಪ್ಪಿ ಕಾರ್ಯದರ್ಶಿಯಾದರು. ಮತದಾರರ ಪಟ್ಟಿಗೆ ಹೆಸರು ಬರೆಸಿ ಎಂದು ಜನರನ್ನು ಕೇಳುವುದು ಅವರ ಕೆಲಸದ ಒಂದು ಭಾಗ. ಹಾಗೆ ಕೇಳುವಾಗ ಆ ಮನೆಯವರ ಮೇಲೆ ಏನು ಬರಬಹುದು ಎಂಬುದು ಅವರಿಗಿಂತ ಜಾಸ್ತಿ ಯಾರಿಗೆ ಗೊತ್ತಿತ್ತು? 1963ರ ಜೂನ್ 12ರಂದು ಒಬ್ಬ ಬಿಳಿಯ ಮೆಡ್ಗರ್ ಅವರನ್ನು ಮನೆಯ ಮುಂದೆಯೇ ಗುಂಡಿಟ್ಟು ಕೊಂದ. ಹೆಂಡತಿ ಮಕ್ಕಳು ಒಳಗಿದ್ದರು. ಕೊಂದವನ ಮೇಲೆ 1964ರಲ್ಲಿ ಎರಡು ಸಲ ವಿಚಾರಣೆ ನಡೆಯಿತು. ಎರಡೂ ಸಲ ಬರೀ ಬಿಳಿಯರೇ ಇದ್ದ ಜ್ಯೂರಿ, ಅಂದರೆ ತೀರ್ಪು ಹೇಳುವ ಜನಸಾಮಾನ್ಯರ ತಂಡ, ಒಮ್ಮತಕ್ಕೆ ಬರಲಿಲ್ಲ. ಮರ್ಲಿ ಬಿಡಲಿಲ್ಲ. 1994ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು.